ಕುರಿ ಹಟ್ಟಿಗೆ ಬಂದ ದತ್ತುಮಗ

ಸಿರಸಂಗಿ ಅಂದರೆ ನಿಮಗೆ ಏನು ನೆನಪಾಗುತ್ತೆ? ಹೆಚ್ಚಿನವರಿಗೆ ಎರಡು. ಒಂದು ಕಾಳಮ್ಮನ ಗುಡಿ. ಇನ್ನೊಂದು ಲಿಂಗರಾಜ ದೇಸಾಯಿ. ನಾನು ಸವದತ್ತಿ ತಾಲೂಕಿನ ಆ ಊರಿಗೆ ಹೋದದ್ದು ಎರಡಕ್ಕೂ ಅಲ್ಲ. ಕುರಿ ಹುಡುಕಿಕೊಂಡು ಹೋಗಿದ್ದೆ.

ಅದರ ಹಿಂದೆ ನನ್ನದೇ ಒಂದು ತಪ್ಪಿದೆ. 2025ರ ಮೇ ತಿಂಗಳಲ್ಲಿ ಶ್ರೀನಗರದಿಂದ ಒಂದು ಸುದ್ದಿ ಬಂತು. ಅಲ್ಲಿನ ಶೇರ್-ಎ-ಕಾಶ್ಮೀರ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ದೇಶದ ಮೊದಲ ಜೀನ್ ತಿದ್ದಿದ ಕುರಿಮರಿಯನ್ನು ಹುಟ್ಟಿಸಿದ್ದಾರೆ, ಹೆಸರು ‘ತರ್ಮೀಮ್’. ತರ್ಮೀಮ್ ಅಂದರೆ ತಿದ್ದುಪಡಿ. ಮರಿ ಹುಟ್ಟಿದ್ದು 2024ರ ಡಿಸೆಂಬರ್ 16ರಂದು. ಮಾಂಸಖಂಡ ಬೆಳೆಯುವುದಕ್ಕೆ ಮಿತಿ ಹಾಕುವ ಮಯೋಸ್ಟಾಟಿನ್ ಎಂಬ ಜೀನನ್ನು ಅದರಲ್ಲಿ ಕೆಡಿಸಿದ್ದಾರೆ, ಹಾಗಾಗಿ ಮೈಯಲ್ಲಿ ಮಾಂಸ ಸುಮಾರು ಶೇ. 30 ಹೆಚ್ಚು ಎಂದರು. ನಮ್ಮ ಡೆಸ್ಕ್‌ನಲ್ಲಿ ಏನು ಮಾಡಿದೆವು ಗೊತ್ತಾ? ಪರದೆ ತುಂಬ ಕೆಂಪು ಅಕ್ಷರ. ‘ಬಂತು ರಾಕ್ಷಸ ಕುರಿ!’ ಹಿಂದೆ ಹಾರರ್ ಸಿನಿಮಾದ ಸಂಗೀತ. ಅರ್ಧ ಗಂಟೆ ಅದನ್ನು ಓದಿದ್ದು ನಾನೇ.

ಅವತ್ತು ರಾತ್ರಿ ಸವದತ್ತಿ ಕಡೆಯ ಪರಿಚಯದ ರೈತರೊಬ್ಬರು ಫೋನ್ ಮಾಡಿದರು. ಬೈತಾರೇನೋ ಅಂದುಕೊಂಡೆ. ಅವರು ಕೇಳಿದ್ದು ಒಂದೇ ಮಾತು: “ಸರ, ಆ ಕುರಿ ಎಷ್ಟಕ್ಕ ಸಿಗತೈತ್ರಿ?”

ನಾನು ಹೆದರಿಸ್ತಾ ಇದ್ದೆ, ಅವರು ರೇಟು ಕೇಳ್ತಾ ಇದ್ದರು. ನಮ್ಮ ಸ್ಟುಡಿಯೋಗೂ ಹಟ್ಟಿಗೂ ಎಷ್ಟು ದೂರ ಅನ್ನೋದು ಅವತ್ತು ಗೊತ್ತಾಯಿತು. ಅದಕ್ಕೇ ಹೊರಟೆ.

ಈ ಸೀಮೆಯಲ್ಲಿ ನಿಂತು ಕುಲಾಂತರಿ ಪ್ರಾಣಿಗಳ ಬಗ್ಗೆ ಯೋಚಿಸೋದು ಒಂದು ರೀತಿಯಲ್ಲಿ ಸುಲಭ. ‘ಕುಲಾಂತರಿ’ ಎಂಬ ಶಬ್ದವನ್ನೇ ನೋಡಿ. ಒಂದು ಕುಲದಿಂದ ಇನ್ನೊಂದಕ್ಕೆ ದಾಟಿದ್ದು. ನಮ್ಮ ಹಳೇ ಕಾಲದವರಿಗೆ ಇದಕ್ಕೆ ಬೇರೆ ಹೆಸರಿತ್ತು, ದತ್ತು. ಬೇರೆ ಮನೆಯ ಕೂಸನ್ನು ತಂದು ನಮ್ಮ ಮನೆತನದ ಹೆಸರು ಇಡೋದು. ಸಿರಸಂಗಿಯ ಲಿಂಗರಾಜರೂ ಹಾಗೆ ಬಂದವರು. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿದ ಕೂಸು ಸಿರಸಂಗಿ ದೇಸಗತಿಗೆ ದತ್ತು ಹೋಯಿತು. 1906ರಲ್ಲಿ ತೀರಿಕೊಳ್ಳುವ ಮುನ್ನ ಅವರು ಆಸ್ತಿಯನ್ನೆಲ್ಲ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. ಬೆಳಗಾವಿಯಲ್ಲಿ 1933ರಲ್ಲಿ ಶುರುವಾದ ಲಿಂಗರಾಜ ಕಾಲೇಜು ಅವರ ಹೆಸರಿನದ್ದೇ. ಎಷ್ಟು ಮನೆಗಳಲ್ಲಿ ಮೊದಲ ಡಿಗ್ರಿ ಆ ಪುಣ್ಯಾತ್ಮನಿಂದ ಬಂತೋ ಲೆಕ್ಕ ಇಟ್ಟವರಿಲ್ಲ.

ಅದೇ ಸೀಮೆಯಲ್ಲಿ ಇನ್ನೊಂದು ದತ್ತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ತೀರಿಕೊಂಡ. ಅರಮನೆ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಹೇಳಿದ, ಕಂಪನಿಯ ಒಪ್ಪಿಗೆ ಇಲ್ಲ, ಈ ದತ್ತು ನಡೆಯೋಲ್ಲ. ಡಾಲ್‌ಹೌಸಿ ಬಂದು ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿ ಹೊರಡಿಸುವುದಕ್ಕೆ ಎರಡು ದಶಕ ಮೊದಲು ಇದು. ಮುಂದಿನದ್ದು ನಿಮಗೆ ಗೊತ್ತು. ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಮುಂದೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದಳು.

ಒಂದೇ ಸೀಮೆ, ಎರಡು ದತ್ತು. ಒಂದರಿಂದ ಕಾಲೇಜು ಹುಟ್ಟಿತು, ಇನ್ನೊಂದರಿಂದ ಯುದ್ಧ. ಹೊರಗಿನ ರಕ್ತ ಬಂತು ಅನ್ನೋದು ಕಿತ್ತೂರಿನ ಜಗಳವೇ ಅಲ್ಲ. ನಮ್ಮ ಮನೆಗೆ ಯಾರು ಬರಬೇಕು ಅಂತ ಹೇಳೋನು ಯಾರು? ಜಗಳ ಇದ್ದದ್ದು ಅಲ್ಲಿ. ಕುರಿ ವಿಷಯಕ್ಕೆ ಬಂದಾಗಲೂ ನನಗೆ ಇದೇ ಪ್ರಶ್ನೆ ಕಾಡಿತು.

ಮೊದಲು ಒಂದು ಭ್ರಮೆ ಬಿಡೋಣ. ‘ನಮ್ಮ ದೇಸಿ ತಳಿ, ದೇವರು ಕೊಟ್ಟದ್ದು, ಯಾರೂ ಕೈ ಹಾಕಿಲ್ಲ’ ಅಂತ ಭಾಷಣ ಮಾಡ್ತೀವಲ್ಲ, ಅದು. ಬೆಳಗಾವಿ, ವಿಜಯಪುರ, ಸಾಂಗ್ಲಿ ಸೀಮೆಯ ಕೃಷ್ಣಾ ಕಣಿವೆ ತಳಿಯ ಎತ್ತನ್ನು ತಗೊಳ್ಳಿ. ಅದು ಮನುಷ್ಯ ‘ಮಾಡಿದ’ ಎತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಸಾಂಗ್ಲಿ, ಮಿರಜ ಮುಂತಾದ ದಕ್ಷಿಣ ಮರಾಠಾ ಸಂಸ್ಥಾನಗಳ ರಾಜರಿಗೆ ಒಂದು ತಲೆನೋವಿತ್ತು. ಎರೆಮಣ್ಣು. ಮಳೆ ಬಿದ್ದರೆ ಕಾಲಿಗೆ ಅಂಟುತ್ತೆ, ಒಣಗಿದರೆ ಕಲ್ಲು. ಅದನ್ನು ಉಳೋಕೆ ಭಾರೀ ಮೈಕಟ್ಟಿನ, ಆದರೆ ಸಮಾಧಾನದ ಎತ್ತು ಬೇಕು. ಗುಜರಾತಿನ ಗೀರ್ ಮತ್ತು ಕಾಂಕ್ರೇಜ್, ಆಂಧ್ರದ ಓಂಗೋಲ್, ಜೊತೆಗೆ ನಮ್ಮ ಮೈಸೂರು ಕಡೆಯ ದನಗಳ ರಕ್ತ ಬೆರೆಸಿ ಬೆರೆಸಿ ಈ ತಳಿ ಕಟ್ಟಿದರು. ಮುಂದೆ ಇದರ ಹೋರಿಗಳು ಅಮೆರಿಕಕ್ಕೂ ಹೋದವು. ಟೆಕ್ಸಾಸ್‌ನ ಬಿಸಿಲಲ್ಲಿ ಮೇಯುವ ‘ಅಮೆರಿಕನ್ ಬ್ರಾಹ್ಮನ್’ ದನದ ಪೂರ್ವಜರ ಪಟ್ಟಿಯಲ್ಲಿ ಗೀರ್, ಗುಜರಾತ್, ನೆಲ್ಲೂರು ತಳಿಗಳ ಜೊತೆ ನಮ್ಮ ಕೃಷ್ಣಾ ಕಣಿವೆಯ ಹೆಸರೂ ಇದೆ.

ಈಗ ಆ ಎತ್ತು ಎಲ್ಲಿ? ಟ್ರ್ಯಾಕ್ಟರ್ ಬಂತು, ಎರೆಹೊಲಕ್ಕೆ ಎತ್ತು ಬೇಡವಾಯಿತು. ಹಾಲಿಗೆ ಜರ್ಸಿ, ಎಚ್‌ಎಫ್ ಬಂದವು. ಓಟಕ್ಕೆ, ಶೋಕಿಗೆ ಕಿಲಾರಿ ಇದೆ. ಕೃಷ್ಣಾ ಕಣಿವೆ ತಳಿ ಅಳಿವಿನಂಚಿನ ಪಟ್ಟಿಗೆ ಹೋಯಿತು. ಒಂದು ಕೆಲಸಕ್ಕೆ ಅಂತ ಮಾಡಿದ ಪ್ರಾಣಿ, ಆ ಕೆಲಸ ಮುಗಿದ ಮೇಲೆ ಯಾರಿಗೂ ಬೇಡ. ಕುಲಾಂತರಿ ಪ್ರಾಣಿಗಳ ಬಗ್ಗೆ ಅವು ಏನಾದರೂ ಅನಾಹುತ ಮಾಡಿಬಿಟ್ಟಾವು ಅಂತ ಎಲ್ಲರೂ ಹೆದರುತ್ತಾರೆ. ನನಗೆ ಅದಕ್ಕಿಂತ ಮೊದಲು ಹೊಳೆಯೋದು ಈ ಎತ್ತು.

ಇನ್ನು ಕುರಿ. ನಮ್ಮ ಕುರುಬರ ಹಿಂಡುಗಳಲ್ಲಿರೋದು ಹೆಚ್ಚಾಗಿ ಡೆಕ್ಕನಿ ಜಾತಿ. ಕರಿ ಉಣ್ಣೆ, ಒರಟು ಕಂಬಳಿ, ಎಷ್ಟು ದೂರ ನಡೆಸಿದರೂ ನಡೆಯುವ ಕಾಲು. ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ. ಬಂಗಾಳದ ಸುಂದರಬನದಲ್ಲಿ ‘ಗರೋಲ್’ ಅಂತ ಒಂದು ಪುಟ್ಟ ಕುರಿ ಇದೆ. ಅದು ಎರಡು, ಮೂರು ಮರಿ ಹಾಕುತ್ತೆ. ಕಾರಣ ಫೆಕ್-ಬಿ ಎಂಬ ಒಂದೇ ಒಂದು ಜೀನು. ಇದರ ಪ್ರವಾಸ ಕೇಳಿ. 1792-93ರಲ್ಲಿ ಕಲ್ಕತ್ತದಿಂದ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಬಂಗಾಳದ ಕುರಿಗಳು ಹೋದವು. ಅಲ್ಲಿ ಮೆರಿನೋ ಜೊತೆ ಬೆರೆತವು. ಒಂದೂವರೆ ಶತಮಾನ ಕಳೆದ ಮೇಲೆ ‘ಬೂರೂಲಾ’ ಎಂಬ ಫಾರಂನ ಮೆರಿನೋಗಳು ಅವಳಿ ತ್ರಿವಳಿ ಹಾಕೋದು ನೋಡಿ ಆಸ್ಟ್ರೇಲಿಯಾದವರು ಬೆರಗಾದರು. ಆ ಗುಣ ಯಾವ ಜೀನಿನದು ಅಂತ ಪತ್ತೆಯಾಗಿದ್ದು 2001ರಲ್ಲಿ. ಹೋದ ಮೂಲ ಹುಡುಕಿದರೆ ಬಂದು ನಿಂತದ್ದು ಸುಂದರಬನದ ಕೆಸರಿನಲ್ಲಿ.

ಮಹಾರಾಷ್ಟ್ರದ ಫಲ್ಟಣದಲ್ಲಿ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಗರೋಲ್ ಟಗರುಗಳನ್ನು ತಂದು ಡೆಕ್ಕನಿ ಕುರಿಗೆ ಬಿಟ್ಟರು. ನಮ್ಮ ಬನ್ನೂರು ಕುರಿಯ ರಕ್ತವೂ ಸೇರಿತು. ತಲೆಮಾರು ತಲೆಮಾರು ಆರಿಸುತ್ತಾ, ರಕ್ತಪರೀಕ್ಷೆಯಲ್ಲಿ ಜೀನ್ ಇದೆಯೋ ಇಲ್ಲವೋ ನೋಡುತ್ತಾ, ‘ನಾರಿ ಸುವರ್ಣ’ ಎಂಬ ತಳಿ ಮಾಡಿದರು. ಸೂಜಿಯಿಂದ ಜೀನು ತೂರಿಸಿದ್ದಲ್ಲ. ಟಗರು, ಕುರಿ, ಕಾಯುವ ತಾಳ್ಮೆ, ಅಷ್ಟೇ. ಕಾನೂನಿನ ಪ್ರಕಾರ ಇದು ಕುಲಾಂತರಿ ಅಲ್ಲ. ಆದರೆ ಸುಂದರಬನದ ಕೂಸು ದಖ್ಖನದ ಹಟ್ಟಿಗೆ ದತ್ತು ಬಂದದ್ದಂತೂ ನಿಜ ತಾನೇ?

ಸಿರಸಂಗಿಯಿಂದ ಸ್ವಲ್ಪ ದೂರದಲ್ಲಿ, ಕಟಾವಾದ ಜೋಳದ ಹೊಲದಲ್ಲಿ ಒಬ್ಬ ಹಿರಿಯರು ಕುರಿ ತರುಬಿದ್ದರು. ರಾತ್ರಿ ಕುರಿ ಮಲಗಿದರೆ ಹೊಲಕ್ಕೆ ಗೊಬ್ಬರ, ಇವರಿಗೆ ಒಂದಿಷ್ಟು ಕಾಳು, ದುಡ್ಡು. ನಾನು ಅವಳಿ ಮರಿಯ ಕಥೆ ಹೇಳಿದೆ. ಅವರು ಎಲೆ ಅಡಿಕೆ ಮೆಲ್ಲುತ್ತಾ ಕೇಳಿದರು.

“ಎರಡ ಮರಿ ಹಾಕಿದ್ರ ಚಲೋನ ಆತಲ್ರಿ ಅಜ್ಜಾರ?” ಅಂದೆ.

“ಚಲೋ ಐತ್ರಿ ಸಾಹೇಬ್ರ. ಮರಿ ಎರಡು, ಮಲಿನೂ ಎರಡು, ದೇವರ ಲೆಕ್ಕ ಬರೋಬರಿ ಐತಿ. ಹಾಲು ಮಾತ್ರ ಒಂದ ಮರಿಗಾಗುವಷ್ಟ ಇದ್ರ ಏನ್ ಮಾಡೋದು? ನಾವು ಬ್ಯಾಸಿಗ್ಯಾಗ ದಿನಾ ಹರದಾರಿ ಗಟ್ಟಲೆ ನಡೀತೀವಿ. ಸಣ್ಣ ಮರಿ ಒಂದ ಇದ್ರ ಕಂಬಳ್ಯಾಗ ಕಟಗೊಂಡು ಹೊಂಟೇವು. ಐವತ್ತು ಕುರಿ ನೂರು ಮರಿ ಹಾಕಿದ್ರ ಹೊರೋರು ಯಾರು?”

ಇದು ಮೂಢನಂಬಿಕೆ ಅಲ್ಲ ಸ್ವಾಮಿ, ಲೆಕ್ಕ. ದೊಡ್ಡಿಯಲ್ಲಿ ಕೂಡಿಹಾಕಿ ಮೇವು ಹಾಕಿ ಸಾಕುವವನಿಗೆ ಅವಳಿ ಅಂದರೆ ಲಾಭ. ನಡೆಯುವವನಿಗೆ ಹೊರೆ. ಜೀನು ಒಂದೇ.

ತರ್ಮೀಮ್ ಕಥೆಯನ್ನೂ ಹೇಳಿದೆ. ಮೂವತ್ತು ಪರ್ಸೆಂಟ್ ಮಾಂಸ ಜಾಸ್ತಿ ಅಂದಾಗ ಅವರ ಕಣ್ಣು ಅರಳಿತು, ಸುಳ್ಳು ಹೇಳಬಾರದು. ಆಮೇಲೆ ಎರಡು ಪ್ರಶ್ನೆ ಕೇಳಿದರು. “ಅದು ನಡೀತೈತೇನು? ಮರಿ ಹಾಕೋ ಮುಂದ ತಾಯಿ ಉಳೀತೈತೇನು?” ಅವರು ಯಾವ ವಿಜ್ಞಾನ ಪತ್ರಿಕೆಯನ್ನೂ ಓದಿದವರಲ್ಲ. ಆದರೆ ಬೆಲ್ಜಿಯನ್ ಬ್ಲೂ ಎಂಬ ಯುರೋಪಿನ ದನದಲ್ಲಿ ಇದೇ ಮಯೋಸ್ಟಾಟಿನ್ ಜೀನು ತಾನಾಗಿಯೇ ಕೆಟ್ಟು, ಮೈ ತುಂಬ ಮಾಂಸ ಬೆಳೆದು, ಕರುಗಳು ಎಷ್ಟು ದಪ್ಪಗೆ ಹುಟ್ಟುತ್ತವೆ ಅಂದರೆ ಬಹುಪಾಲು ಹೆರಿಗೆ ಸಿಸೇರಿಯನ್‌ನಲ್ಲೇ ಆಗೋದು. ಹೊಲದಲ್ಲಿ ಸಿಸೇರಿಯನ್ ಮಾಡೋರು ಯಾರು?

ಹಾಗಂತ ಇದೆಲ್ಲ ಬೇಡ ಅನ್ನೋಕೆ ನಾನು ತಯಾರಿಲ್ಲ. ನಿಮ್ಮ ಮನೆಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಇದ್ದರೆ ಅದು ಬದಲಾಯಿಸಿದ ಸೂಕ್ಷ್ಮಜೀವಿಯ ಹೊಟ್ಟೆಯಿಂದ ಬಂದದ್ದು. 1982ಕ್ಕಿಂತ ಮೊದಲು ಅದಕ್ಕೆ ಹಂದಿ, ದನಗಳ ಮೇದೋಜೀರಕ ಗ್ರಂಥಿ ಬೇಕಿತ್ತು. 2009ರಲ್ಲಿ ಅಮೆರಿಕ ಒಂದು ಔಷಧಿಗೆ ಒಪ್ಪಿಗೆ ಕೊಟ್ಟಿತು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಆ ಪ್ರೋಟೀನು ಮೇಕೆಯ ಹಾಲಿನಲ್ಲಿ ಬರುತ್ತೆ, ಮೇಕೆಗೆ ಮನುಷ್ಯನ ಜೀನು ಸೇರಿಸಿದ್ದಾರೆ. 2022ರ ಜನವರಿಯಲ್ಲಿ ಮೇರಿಲ್ಯಾಂಡ್‌ನಲ್ಲಿ ಹತ್ತು ಜೀನು ತಿದ್ದಿದ ಹಂದಿಯ ಹೃದಯವನ್ನು ಡೇವಿಡ್ ಬೆನೆಟ್ ಎಂಬ ರೋಗಿಗೆ ಜೋಡಿಸಿದರು. ಎರಡು ತಿಂಗಳು ಬದುಕಿದ. ಆ ಹೃದಯದಲ್ಲಿ ಹಂದಿಯ ಒಂದು ವೈರಸ್ ಅಡಗಿತ್ತು ಅಂತ ಆಮೇಲೆ ಗೊತ್ತಾಯಿತು. ಅಂಗಾಂಗಕ್ಕೆ ಹೆಸರು ಬರೆಸಿ ಕಾಯುತ್ತಾ ಸಾಯುವವರ ಮನೆಯವರನ್ನು ಕೇಳಿ ನೋಡಿ, ಎರಡು ತಿಂಗಳು ಅಂದರೆ ಸಣ್ಣದಲ್ಲ ಅಂತಾರೆ.

ಇನ್ನೊಂದು ಕಡೆ ಮೇರಿಲ್ಯಾಂಡ್‌ನದ್ದೇ ಬೆಲ್ಟ್ಸ್‌ವಿಲ್ ಹಂದಿಗಳು. 1985ರ ಸುಮಾರಿಗೆ ಅವಕ್ಕೆ ಮನುಷ್ಯನ ಬೆಳವಣಿಗೆಯ ಹಾರ್ಮೋನಿನ ಜೀನು ಹಾಕಿದರು. ಕೊಬ್ಬು ಕಡಿಮೆಯಾಯಿತು, ಸರಿ. ಕೀಲುನೋವು, ಹೊಟ್ಟೆಹುಣ್ಣು, ಎದ್ದು ನಿಲ್ಲೋಕೂ ಆಗದ ಸ್ಥಿತಿ. ಆ ಹಂದಿಗಳ ಫೋಟೋ ನೋಡಿದ್ದೇನೆ, ಟೀವಿಯಲ್ಲಿ ಮಾತ್ರ ಎಂದೂ ತೋರಿಸಲಿಲ್ಲ.

ಕೊಂಬಿಲ್ಲದ ದನದ ಕಥೆ ಇನ್ನೂ ವಿಚಿತ್ರ. ಕೊಂಬು ಸುಡುವ ನೋವು ತಪ್ಪಿಸೋಣ ಅಂತ ಒಂದು ಅಮೆರಿಕನ್ ಕಂಪನಿ ಜೀನು ತಿದ್ದಿ, ಕೊಂಬೇ ಬಾರದ ಕರುಗಳನ್ನು 2015ರಲ್ಲಿ ಹುಟ್ಟಿಸಿತು. (ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚುವ ನಮ್ಮ ಮಂದಿಗೆ ಇದನ್ನು ಹೇಳಿದರೆ, “ಹಂಗಾರ ಬಣ್ಣ ಎಲ್ಲಿ ಬಡೀಬೇಕ್ರಿ?” ಅಂತಾರೆ, ಆ ಮಾತು ಬೇರೆ.) ಬೇರೇನೂ ಒಳಗೆ ಹೋಗಿಲ್ಲ, ಬರೀ ತಿದ್ದುಪಡಿ ಅಂದರು. 2019ರಲ್ಲಿ ಅಲ್ಲಿನ ಸರ್ಕಾರಿ ವಿಜ್ಞಾನಿಗಳು ಅದೇ ದನದ ಜೀನುಗಳನ್ನು ಓದಿ ನೋಡಿದರೆ, ಬ್ಯಾಕ್ಟೀರಿಯಾದ ಡಿಎನ್‌ಎ ತುಂಡು ಒಳಗೇ ಇದೆ, ಆಂಟಿಬಯಾಟಿಕ್‌ಗೆ ಬಗ್ಗದ ಜೀನುಗಳ ಸಮೇತ! ಯಾರೂ ಸುಳ್ಳು ಹೇಳಿರಲಿಲ್ಲ. ಯಾರೂ ಸರಿಯಾಗಿ ನೋಡಿರಲಿಲ್ಲ.

ಇದು ಅಮೆರಿಕದ ಕಥೆ ಮಾತ್ರ ಅಂದುಕೊಳ್ಳಬೇಡಿ. ಪ್ರಾಣಿಯಲ್ಲ, ಹತ್ತಿ. ಆದರೂ ಹೇಳಲೇಬೇಕು, ಏಕೆಂದರೆ ಧಾರವಾಡ ಇಲ್ಲೇ ಪಕ್ಕದಲ್ಲಿದೆ. ನಾಗಪುರದ ಕೇಂದ್ರ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿದ್ದ ಯೋಜನೆಯಿಂದ ‘ಬಿಕಾನೇರಿ ನರ್ಮ ಬಿಟಿ’ ಎಂಬ ಸ್ವದೇಶಿ ಬಿಟಿ ಹತ್ತಿ ಬಂತು. ರೈತರು ಬೀಜ ತಾವೇ ಇಟ್ಟುಕೊಳ್ಳಬಹುದು ಅನ್ನೋ ದೊಡ್ಡ ಆಸೆ. 2008ರಲ್ಲಿ ಒಪ್ಪಿಗೆ, 2009ರಲ್ಲಿ ವಾಪಸ್. ಅದರೊಳಗೆ ಮಾನ್ಸಾಂಟೊ ಕಂಪನಿಯ ಜೀನಿನ ಗುರುತು ಸಿಕ್ಕಿತ್ತು. ಆಮೇಲೆ ಸೋಪೋರಿ ಸಮಿತಿಯೂ ಅದನ್ನೇ ಹೇಳಿತು. ದತ್ತು ತಂದ ಕೂಸು ಯಾರ ಮನೆಯದ್ದು ಅನ್ನೋದೇ ತಿಳಿಯದೆ ನಾಮಕರಣ ಮಾಡಿದ ಹಾಗೆ.

ಈಗ ಹಾರುವ ಪ್ರಾಣಿಗೆ ಬರೋಣ. ಏಕೆಂದರೆ ನನ್ನ ವೃತ್ತಿಯ ಪಾಪ ಅಲ್ಲಿಯೂ ಇದೆ. 1970ರಲ್ಲಿ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಸೊಳ್ಳೆಗಳ ತಳಿ ನಿಯಂತ್ರಣ ಘಟಕ ಶುರು ಮಾಡಿದವು. ದುಡ್ಡು ಅಮೆರಿಕದ್ದು, ಗೋಧಿ ಸಾಲದ ಪಿಎಲ್-480 ರೂಪಾಯಿಗಳು. ಗಂಡು ಸೊಳ್ಳೆಗಳನ್ನು ಬಂಜೆ ಮಾಡಿ ಬಿಟ್ಟರೆ ಸಂತತಿ ಕಡಿಮೆಯಾಗುತ್ತೆ ಅನ್ನೋ ಲೆಕ್ಕ. ಜೀನ್ ತಂತ್ರಜ್ಞಾನ ಇನ್ನೂ ಕಣ್ಣು ಬಿಡದ ಕಾಲ ಅದು. 1974ರಲ್ಲಿ ಪತ್ರಿಕೆಗಳಲ್ಲಿ ವರದಿ ಬಂತು, ಇದರ ಹಿಂದೆ ಜೈವಿಕ ಯುದ್ಧದ ಲೆಕ್ಕಾಚಾರ ಇರಬಹುದು ಅಂತ. ಹಳದಿ ಜ್ವರ ಹರಡುವ ಜಾತಿಯ ಸೊಳ್ಳೆಯ ಮೇಲೇ ಏಕೆ ಕೆಲಸ, ಆ ಜ್ವರ ಭಾರತದಲ್ಲೇ ಇಲ್ಲವಲ್ಲ ಎಂಬುದು ಪ್ರಶ್ನೆ. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ಕಟುವಾದ ವರದಿ ಕೊಟ್ಟಿತು. ಸೋನಿಪತ್‌ನಲ್ಲಿ ಸೊಳ್ಳೆ ಬಿಡುವ ಯೋಜನೆ ನಿಂತಿತು. ಅದೇ ವರ್ಷ ಘಟಕಕ್ಕೇ ಬೀಗ.

ಪತ್ರಕರ್ತರು ತಪ್ಪು ಮಾಡಿದರೇ? ಅರ್ಧ ದಾರಿ ಸರಿ ನಡೆದರು ಅನ್ನಿಸುತ್ತೆ. ವಿದೇಶಿ ದುಡ್ಡಿನಲ್ಲಿ ನಮ್ಮ ಊರಿನ ಗಾಳಿಗೆ ಪ್ರಾಣಿ ಬಿಡುವಾಗ ಕೇಳಲೇಬೇಕಾದ ಪ್ರಶ್ನೆ ಕೇಳಿದರು. ಆದರೆ ಅನುಮಾನ ಬೆಳೆದಷ್ಟು ವೇಗದಲ್ಲಿ ಉತ್ತರ ಬೆಳೆಯಲಿಲ್ಲ. ಡೆಂಗ್ಯೂ ಇವತ್ತಿಗೂ ಪ್ರತಿ ಮಳೆಗಾಲ ನಮ್ಮ ಆಸ್ಪತ್ರೆಗಳ ವರಾಂಡಾ ತುಂಬಿಸುತ್ತೆ. ಅದನ್ನು ಹರಡೋದು ಅದೇ ಜಾತಿಯ ಸೊಳ್ಳೆ.

ಚಕ್ರ ಈಗ ಮತ್ತೆ ತಿರುಗಿದೆ, ಈ ಸಲ ಬೆಂಗಳೂರಿನಲ್ಲಿ. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2015ರಲ್ಲಿ ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಸೊಳ್ಳೆಯಲ್ಲಿ ‘ಜೀನ್ ಡ್ರೈವ್’ ತೋರಿಸಿದರು. ನಮ್ಮ ನಗರಗಳ ನೀರಿನ ಟ್ಯಾಂಕುಗಳಲ್ಲಿ ಮೊಟ್ಟೆಯಿಟ್ಟು ಮಲೇರಿಯಾ ಹರಡುವ ಸೊಳ್ಳೆ ಅದು. ಸಾಮಾನ್ಯವಾಗಿ ಅಪ್ಪನ ಒಂದು ಜೀನು ಮಕ್ಕಳಲ್ಲಿ ಅರ್ಧದಷ್ಟಕ್ಕೆ ಹೋಗುತ್ತೆ. ಜೀನ್ ಡ್ರೈವ್ ಹಾಕಿದರೆ ಹೆಚ್ಚು ಕಡಿಮೆ ಎಲ್ಲ ಮಕ್ಕಳಿಗೂ ಹೋಗುತ್ತೆ, ಮೊಮ್ಮಕ್ಕಳಿಗೂ. ನೀವು ಒಂದಿಷ್ಟು ಸೊಳ್ಳೆ ಬಿಟ್ಟು ಮನೆಗೆ ಹೋಗಿ ಮಲಗಿದರೂ ಕೆಲಸ ನಡೆಯುತ್ತಲೇ ಇರುತ್ತೆ. ಬೆಂಗಳೂರಿನಲ್ಲಿ 2017ರಲ್ಲಿ ಶುರುವಾದ ಟಾಟಾ ಜೆನೆಟಿಕ್ಸ್ ಮತ್ತು ಸಮಾಜ ಸಂಸ್ಥೆ ಈ ಸೊಳ್ಳೆಯ ತಳಿವಿಜ್ಞಾನದ ಮೇಲೆ ಕೆಲಸ ಮಾಡುತ್ತಿದೆ, ಪ್ರಯೋಗಾಲಯದ ಒಳಗೆ. ಹೆಸರಿನಲ್ಲೇ ‘ಸಮಾಜ’ ಇಟ್ಟುಕೊಂಡಿದ್ದಾರೆ, ಅದು ಒಳ್ಳೆಯದು. ಆ ಸಮಾಜವನ್ನು ಯಾವತ್ತು, ಯಾವ ಭಾಷೆಯಲ್ಲಿ ಕೇಳ್ತಾರೆ ಅನ್ನೋದು ನನ್ನ ಕುತೂಹಲ.

ಹಾರಲಾಗದ ಹುಳುವೂ ಇದೆ, ನಮ್ಮ ರೇಷ್ಮೆ ಹುಳು. ಹಾಲುತೊಂಡೆ ರೋಗ ಬಂದರೆ ರಾಮನಗರದ ರೈತ ತಲೆ ಮೇಲೆ ಕೈ ಹೊತ್ತು ಕೂರ್ತಾನೆ. ಬೆಂಗಳೂರಿನ ರೇಷ್ಮೆ ಪ್ರಯೋಗಾಲಯದಲ್ಲಿ ದುಡಿದು ಹೈದರಾಬಾದಿಗೆ ಹೋದ ಡಾ. ಜೆ. ನಾಗರಾಜು ಮತ್ತವರ ತಂಡ ಆ ವೈರಸ್ಸಿಗೆ ಬಗ್ಗದ ಕುಲಾಂತರಿ ಹುಳು ಮಾಡಿದರು. 2012ರ ಕೊನೆಯಲ್ಲಿ ನಾಗರಾಜು ತೀರಿಕೊಂಡರು. ರೇಷ್ಮೆಯ ಚಿಟ್ಟೆ ಹಾರೋಲ್ಲ, ಹುಳು ತಟ್ಟೆ ಬಿಟ್ಟು ಹೊರಗೆ ಬದುಕೋಲ್ಲ. ಭಯಕ್ಕೆ ಕಾರಣ ಕಡಿಮೆ. ಆದರೂ ಅದು ರೈತನ ಚಂದ್ರಿಕೆಗೆ ಬಂದಿಲ್ಲ. ಬಾಗಿಲು ಕಾಯುವವರು ಸೊಳ್ಳೆಗೂ ರೇಷ್ಮೆ ಹುಳುವಿಗೂ ಒಂದೇ ಬೀಗ ಹಾಕಿದರೆ ಹೀಗಾಗುತ್ತೆ.

ಬೀಗದ ಕೈ ಯಾರ ಹತ್ತಿರ? 1989ರ ನಿಯಮಗಳ ಪ್ರಕಾರ ದೆಹಲಿಯ ಜಿಇಎಸಿ ಸಮಿತಿಯ ಹತ್ತಿರ. 2022ರಲ್ಲಿ ಕೇಂದ್ರ ಸರ್ಕಾರ ಹೊರಗಿನ ಜೀನು ಇಲ್ಲದ, ಬರೀ ತಿದ್ದಿದ ಬೆಳೆಗಳಿಗೆ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಸಸ್ಯಗಳಿಗೆ ಮಾತ್ರ. 1998ರಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತಸಂಘ ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಹಚ್ಚಿದಾಗ ಬಂದ ಮುಖ್ಯ ದೂರು ಏನಿತ್ತು? ಹೊಲದಲ್ಲಿ ಏನು ಬೆಳೀತಿದೆ ಅಂತ ಹೊಲದ ಒಡೆಯನಿಗೇ ಹೇಳಿಲ್ಲ ಅಂತ. 2010ರಲ್ಲಿ ಬಿಟಿ ಬದನೆಗೆ ಮುಂಚೆ ಜೈರಾಮ್ ರಮೇಶ್ ಊರೂರು ತಿರುಗಿ ಸಭೆ ಮಾಡಿದರು, ಬೆಂಗಳೂರಿನಲ್ಲೂ. ಗಲಾಟೆಯಾಯಿತು, ಕೂಗಾಟವಾಯಿತು, ಆದರೆ ಕೇಳಿದರು. ಕುರಿಗಾಗಿ ಅಂಥ ಒಂದು ಸಭೆ ಹಟ್ಟಿಯ ಹತ್ತಿರ ಆದದ್ದನ್ನು ನಾನು ಕಂಡಿಲ್ಲ.

ಆ ಹೊಲದಿಂದ ಹೊರಡುವಾಗ ಸಂಜೆ ಆರೂವರೆ. ಕ್ಯಾಮೆರಾ ಹುಡುಗ ಲೈಟು ಹೋಗ್ತಿದೆ ಸರ್ ಅಂತ ಅವಸರ ಮಾಡ್ತಿದ್ದ. ಅಜ್ಜಾರು ತಾವಾಗಿಯೇ ಕೇಳಿದರು.

“ಆ ಕಾಶ್ಮೀರದ ಕುರಿಯ ಗುಣ ಅದರ ಮರಿಗೂ ಬರತೈತೇನ್ರಿ?”

“ಬರತೈತ್ರಿ.”

“ಮರಿಯ ಮರಿಗೆ?”

“ಅದಕ್ಕೂ ಬರಬಹುದ್ರಿ.”

“ಹತ್ತು ವರ್ಷ ಆದ ಮ್ಯಾಲ ಬ್ಯಾಡ ಅನಿಸಿದ್ರ, ಹಿಂಡಿನ್ಯಾಗಿಂದ ಅದನ್ನ ಹೊಳ್ಳಿ ತಗಿಯಾಕ ಬರತೈತೇನು?”

ನಾನು ಮೈಕ್ ಕೆಳಗಿಳಿಸಿದೆ. ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಆಚೆ ಹೊಲದ ಧಣಿ ಬೈಕ್ ಮೇಲೆ ಬಂದು ನಿಂತಿದ್ದ. ನಾಳೆ ರಾತ್ರಿ ಅವನ ಹೊಲದಲ್ಲಿ ಕುರಿ ತರುಬೋಕೆ ಎಷ್ಟು ಕಾಳು ಅಂತ ಮಾತಾಡೋಕೆ ಅಜ್ಜಾರು ಕೋಲು ಹಿಡಿದು ಆ ಕಡೆ ನಡೆದರು.